ನ್ಯೂಜಿಲೆಂಡ್ ಕುರಿಯ ಬೀಗರೂಟ

ಅಂಜನಪ್ಪ: ಇದು ಒಲೆ ಮೇಲಿಡೋದಲ್ಲ ಕಣ್ಲಾ ಶಿವಣ್ಣ, ಹಿತ್ತಲ ಗೋಡೆಗಿಡು. ಒಂದ್ಕಡೆ ಇಟ್ಟಿಗೆ ಬಿದ್ದೋಗೈತೆ, ಸರಿಯಾಗಿ ಕೂರ್ತದೆ.

ಶಿವಣ್ಣ: ಭಾವ, ಸ್ವಲ್ಪ ನೋಡ್ಕೊಂಡು ಮಾತಾಡಿ. ಇದು ಫಾರಿನ್ ಬಾಡು. ನ್ಯೂಜಿಲೆಂಡ್ ಕುರಿ.

ಅಂಜನಪ್ಪ: ಅದನ್ನ ಕೊಯ್ದು ಎಷ್ಟು ಕಾಲ ಆಯ್ತೋ! ನಾವು ಅದಕ್ಕೆ ತಿಥಿ ಮಾಡ್ಬೇಕು, ಬೀಗರ ಊಟ ಅಲ್ಲ.

ಖಾರ ರುಬ್ಬುತ್ತಿದ್ದ ಕೊಲ್ಲಾಪುರಮ್ಮನಿಗೆ ಇಬ್ಬರ ತಲೆಯನ್ನೂ ಒರಳಿಗೆ ಹಾಕುವಷ್ಟು ಸಿಟ್ಟು ಬಂದಿತ್ತು. ಒಬ್ಬ ಕಟ್ಟಿಕೊಂಡವನು, ಇನ್ನೊಬ್ಬ ಒಡಹುಟ್ಟಿದವನು. ಮದುವೆ ಮುಗಿಸಿ ಮಗಳು ಮೋನಿಕಾ ತವರಿಗೆ ಬಂದಿದ್ದಳು. ಮಧ್ಯಾಹ್ನಕ್ಕೆ ತುರುವೇಕೆರೆ ಕಡೆಯಿಂದ ಬೀಗರು ಟೆಂಪೋ ಮಾಡಿಕೊಂಡು ಬರುವವರಿದ್ದರು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರಾಗಿದ್ದ ಶಿವಣ್ಣ, "ಬಾಡಿನ ಜವಾಬ್ದಾರಿ ಸೋದರಮಾವಂದು, ಯಾರೂ ತಲೆ ಕೆಡಿಸ್ಕೋಬ್ಯಾಡಿ" ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ಮನೆಯವರು ಕುರಿ ನೋಡಿರಲಿಲ್ಲ. ಅವನೋ ಬೆಳಗಿನ ಬಸ್ಸಿನಿಂದ, ಐಸಿನಲ್ಲಿ ಕಲ್ಲಾಗಿದ್ದ ಬಾಡಿನ ಪೊಟ್ಟಣಗಳ ಥರ್ಮಾಕೋಲ್ ಪೆಟ್ಟಿಗೆ ಹೊತ್ತು ಇಳಿದಿದ್ದ. ಭಾನುವಾರ ಬೇರೆ. ಹಂದನಕೆರೆಯ ಮಟನ್ ಅಂಗಡಿಯಲ್ಲಿ ಈ ಹೊತ್ತಿಗೆ ಮೂಳೆಯೂ ಉಳಿದಿರಲಿಲ್ಲ.

ಅಂಜನಪ್ಪ: ಕುರಿ ಅಂದ್ಮೇಲೆ ಬಾಯಿ ಬಿಡಿಸಿ ಹಲ್ಲು ನೋಡ್ಬೇಕು, ಬೆನ್ನು ಹಿಸುಕ್ಬೇಕು. ಇದರ ಮಖ ಯಾರ್ ನೋಡವ್ರೆ?

ಶಿವಣ್ಣ: ಮಖ ಯಾಕೆ ಭಾವ, ಲೇಬಲ್ ಐತಲ್ಲ! ಅದರ ಜಾತಕ ಎಲ್ಲಾ ಅದರಾಗೇ ಐತೆ.

ಅಂಜನಪ್ಪ: ಓದವ್ವ ಮೋನಿಕಾ, ಯಾವ ನಕ್ಷತ್ರದಾಗೆ ಹುಟ್ಟೈತೋ ನೋಡಾನ.

ಮೋನಿಕಾ: ದಪ್ಪ ಅಕ್ಷರದಲ್ಲಿ 'ನ್ಯೂಜಿಲೆಂಡ್' ಅಂತ ಐತೆ. ಅದರ ಪಕ್ಕ ಕೆಂಪು ಚೀಟಿ ಮೆತ್ತವ್ರೆ. ಆಮೇಲೆ 'ಲ್ಯಾಂಬ್'.

ಅಂಜನಪ್ಪ: ಲ್ಯಾಂಪಾ? ಕರೆಂಟೇ ಇರಲ್ಲ ಇಲ್ಲಿ, ಲ್ಯಾಂಪ್ ತಂದವ್ನೆ!

ಮೋನಿಕಾ: ಲ್ಯಾಂಬ್ ಅಪ್ಪಾ. ಕುರಿಮರಿ.

ಅಂಜನಪ್ಪ: ಆ ಕೆಂಪು ಚೀಟಿ ಯಾತರದು?

ಶಿವಣ್ಣ: ಅದು ಕ್ವಾಲಿಟಿ ಸೀಲು ಭಾವ. ಸಿಕ್ಕಸಿಕ್ಕಿದ್ದಕ್ಕೆಲ್ಲ ಹಾಕಲ್ಲ.

ಮೋನಿಕಾ: 'ಒಂದು ಕೊಂಡರೆ ಒಂದು ಫ್ರೀ' ಅಂತ ಬರೆದೈತೆ ಮಾವ.

ಅಂಜನಪ್ಪ: ಅಯ್ಯೋ ಶಿವನೇ! ಅರ್ಧ ಬಾಡು ಧರ್ಮಕ್ಕೆ ಬಂದಿದ್ದು! ಬೀಗರಿಗೆ ಯಾವ ಸಾಲಿಗೆ ಕೊಂಡಿದ್ದು, ಯಾವ ಸಾಲಿಗೆ ಧರ್ಮದ್ದು ಹಾಕಾನ, ಅದ್ನೂ ನೀನೇ ಹೇಳ್ಬುಡು.

ಮೋನಿಕಾ: ಇಲ್ಲಿ ಮಾರೋರ ವಿಳಾಸ ಐತೆ. ಯಶವಂತಪುರ, ಬೆಂಗಳೂರು.

ಅಂಜನಪ್ಪ: ಕೇಳ್ದ್ಯೇನೇ? ಯಶವಂತಪುರದ ಕುರಿ! ತಿಪಟೂರಲ್ಲಿ ರೈಲು ಹತ್ತಿದ್ರೆ ನಾನೇ ಹೋಗಿ ಮಾತಾಡಿಸ್ಕೊಂಡು ಬರ್ತಿದ್ದೆ.

ಶಿವಣ್ಣ: ಅದು ಮಾರೋನ ಊರು ಭಾವ, ಕುರಿ ಊರಲ್ಲ! ನಿಮ್ಮ ಕೊಬ್ಬರಿ ಡೆಲ್ಲಿಗೆ ಹೋಗ್ತದಲ್ಲ, ಅಲ್ಲಿ ಸೇಟು ತನ್ನ ಹೆಸರಿನ ಚೀಲಕ್ಕೆ ತುಂಬಿ ಮಾರ್ತಾನೆ. ಹಂಗಂತ ಡೆಲ್ಲಿಯಾಗೆ ತೆಂಗಿನ ಮರ ಐತಾ?

ತಮ್ಮನ ಬಾಯಿಂದ ಇಷ್ಟು ವರ್ಷಕ್ಕೆ ಒಂದು ತೂಕದ ಮಾತು ಬಂತಲ್ಲ ಎಂದು ಕೊಲ್ಲಾಪುರಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೆ ಸೋಲುವ ಜಾಯಮಾನವೇ ಅಂಜನಪ್ಪನದಲ್ಲ.

ಅಂಜನಪ್ಪ: ನಾನು ಹೇಳ್ತಿರಾದೂ ಅದೇಯ! ಎಲ್ಲೆಲ್ಲಿಯದೋ ಜೊಳ್ಳು ಕೊಬ್ಬರಿ ತುಂಬಿ, ಚೀಲದ ಮೇಲೆ 'ತಿಪಟೂರು' ಅಂತ ಬರ್ಕೊಳ್ಳೋರ್ನ ನಾನು ಕಂಡಿಲ್ವಾ? ಹೆಸರು ಬರೆಯಾಕೆ ಮಸಿ ಇದ್ರೆ ಸಾಕು ಕಣ್ಲಾ.

ಕೊಲ್ಲಾಪುರಮ್ಮ: ಸಾಕು ಬುಡಿ! ಬೀಗರು ಬಂದು ಎಲೆ ಮುಂದೆ ಕೂತಾಗ ನಿಮ್ಮಿಬ್ಬರ ಮಾತು ಬಡಿಸ್ಲಾ? ಕೊಡೇ ಮೋನಿಕಾ ಅದನ್ನ.

ಪೊಟ್ಟಣಗಳನ್ನೆಲ್ಲ ಕಿತ್ತುಕೊಂಡು ದೊಡ್ಡ ಬೋಸಿಯ ನೀರಿಗೆ ಹಾಕಿದಳು. ಕಲ್ಲಿನಂತಿದ್ದ ಬಾಡು ಮೆತ್ತಗಾಗುತ್ತ ಬಂತು. ಅದರ ಜೊತೆಗೆ ಆ ಕೆಂಪು ಚೀಟಿಯೂ ಬಿಟ್ಟುಕೊಂಡು ನೀರಿನ ಮೇಲೆ ತೇಲಿತು.

ಮೋನಿಕಾ: ಅಮ್ಮಾ, ಚೀಟಿ ಕೆಳಗೆ ಇನ್ನೊಂದು ಪದ ಐತೆ. 'ಸ್ಟೈಲ್'. ನ್ಯೂಜಿಲೆಂಡ್ ಸ್ಟೈಲ್ ಲ್ಯಾಂಬ್.

ಕೊಲ್ಲಾಪುರಮ್ಮ: ಹಂಗಂದ್ರೆ?

ಮೋನಿಕಾ: ಅಲ್ಲಿಯೋರು ತುಂಡು ಮಾಡೋ ಥರ ಇಲ್ಲಿ ಮಾಡವ್ರೆ ಅಂತ. ಹಿಂದ್ಗಡೆ ಸಣ್ಣಕ್ಷರದಾಗೆ ಹಾಕವ್ರೆ ನೋಡು, ಇಂಡಿಯಾದ್ದೇ ಕುರಿ.

ಅಂಜನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವಣ್ಣನ ಮುಖ ಮಾತ್ರ ಹಿಂಡಿದ ನಿಂಬೆಹಣ್ಣಿನ ಹಾಗಾಗಿತ್ತು.

ಶಿವಣ್ಣ: ಅಕ್ಕ, ಇದನ್ನ ಬೇಯಿಸ್ಬ್ಯಾಡ. ಬೀಗರಿಗೆ ಆಗ್ಲೇ ಫೋನ್ ಮಾಡಿ ನ್ಯೂಜಿಲೆಂಡಿಂದು ಅಂದ್ಬುಟ್ಟಿವ್ನಿ. ಕಾಳು ಸಾರು ಮಾಡಿ ಕಳಿಸ್ಬುಡು.

ಅಂಜನಪ್ಪ: ಯಾಕ್ಲಾ, ನಮ್ಮ ದೇಶದ ಕುರಿ ಕೀಳಾ ನಿಂಗೆ? ಹಾಕೇ ಪಾತ್ರೆಗೆ! ಎಲೆ ಮುಂದೆ ಕೂರಿಸಿ, ಇದು ಎಲ್ಲೀದು ಅಂತ ಬೀಗರಿಗೆ ನಾನೇ ಹೇಳ್ತೀನಿ.

ಇಷ್ಟು ಹೊತ್ತು ಬೇಡವೆಂದವನು ಬೇಯಿಸು ಎನ್ನುತ್ತಿದ್ದ, ಹೊತ್ತು ತಂದವನು ಬೇಡ ಎನ್ನುತ್ತಿದ್ದ. ಕೊಲ್ಲಾಪುರಮ್ಮ ಇಬ್ಬರನ್ನೂ ಅಡುಗೆಮನೆಯಿಂದ ಆಚೆ ಅಟ್ಟಿ, ಕೈತುಂಬ ಕೊಬ್ಬರಿ ಖಾರ ಬಿಟ್ಟು ಎಸರು ಕುದಿಸಿದಳು. ಊರಿಗೇ ಘಮಲು ಹೋಯಿತು.

ಬೀಗರು ಬಂದರು, ಎಲೆ ಹಾಕಿದರು. ಮುದ್ದೆ ಮುರಿದು ಎಸರಿಗೆ ಅದ್ದಿ ನುಂಗಿದ ಬೀಗ ಬೋರಯ್ಯ ಕಣ್ಣು ಮುಚ್ಚಿಕೊಂಡ. ಶಿವಣ್ಣ ಕಂಬದ ಮರೆಗೆ ಸರಿದ. ಪಕ್ಕದ ಎಲೆಗೆ ಕೂತಿದ್ದ ಅಂಜನಪ್ಪ ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡ.

ಅಂಜನಪ್ಪ: ಬೀಗರೇ, ಈ ಬಾಡಿನ ವಿಚಾರ ಒಂದು ಮಾತು ಹೇಳ್ಬೇಕು.

ಬೋರಯ್ಯ: ಏನೂ ಹೇಳ್ಬ್ಯಾಡಿ ಬೀಗರೇ, ನಾಲಗೆಗೆ ಗೊತ್ತಾಯ್ತು. ನಮ್ಮ ಕಡೆ ಕುರಿಗೆ ಈ ರುಚಿ ಎಲ್ಲಿಂದ ಬರ್ಬೇಕು? ಲೇ, ಕೇಳ್ರಲಾ ಎಲ್ಲಾರೂ, ನಮ್ಮ ನೆಂಟರಾಗೆ ಯಾವನಾದ್ರೂ ವಿಮಾನದ ಬಾಡು ಹಾಕಿದ್ದುಂಟಾ? ಇಂಥ ಬೀಗರು ಸಿಕ್ಕಿದ್ದು ನಮ್ಮ ಪುಣ್ಯ!

ಸಾಲಿನಲ್ಲಿ ಕೂತವರೆಲ್ಲ ಅಂಜನಪ್ಪನ ಕಡೆ ತಿರುಗಿದರು. ಅವನ ಎದೆ ಮೆಲ್ಲಗೆ ಮುಂದಕ್ಕೆ ಬಂತು.

ಅಂಜನಪ್ಪ: ಅದನ್ನೇ ಹೇಳಾಕ್ ಬಂದೆ ಕಣ್ರೀ. ನಮ್ಮ ಬೀಗರಿಗೆ ನಾಡ ಕುರಿ ಹಾಕಿದ್ರೆ ಏನು ಚಂದ? ನ್ಯೂಜಿಲೆಂಡೇ ಆಗ್ಬೇಕು ಅಂತ ಹಟ ಹಿಡಿದು ತರಿಸ್ದೆ.

ಬಡಿಸುತ್ತಿದ್ದ ಕೊಲ್ಲಾಪುರಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಮೋನಿಕಾ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಬೋರಯ್ಯ: ಹಂಗಾರೆ ಮುಂದಿನ ತಿಂಗಳು ನಮ್ಮ ಕಿರಿಮಗನ ಮದುವೆಗೂ ನೀವೇ ತರಿಸ್ಬೇಕು. ಊರಿಗೆಲ್ಲ ಊಟ. ಇದೇ ಬಾಡು, ಬ್ಯಾರೆ ಬ್ಯಾಡ.

ಅಂಜನಪ್ಪ: ಅದು... ಅದು ನಮ್ಮ ಶಿವಣ್ಣ... ಲೇ ಶಿವಣ್ಣ!

ಶಿವಣ್ಣ ಕಂಬದ ಮರೆಯಿಂದ ಮುಂದೆ ಬಂದು, ಬೆಳಗಿನಿಂದ ಮೊದಲ ಸಲ ಹಲ್ಲು ಕಿರಿದ.

ಶಿವಣ್ಣ: ನಂಗೇನ್ ಗೊತ್ತು ಬೀಗರೇ? ಹಟ ಹಿಡಿದು ತರಿಸ್ದೋರು ಭಾವ. ಅವರನ್ನೇ ಕೇಳಿ.

ಕೊಲ್ಲಾಪುರಮ್ಮ ಗಂಡನ ಎಲೆಗೆ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟಳು.

"ಹೊಟ್ಟೆ ತುಂಬ ಉಣ್ರೀ. ನ್ಯೂಜಿಲೆಂಡ್‌ಗಂಟ ಹೋಗ್ಬರ್ಬೇಕಲ್ಲ."