ನಾಲ್ಕು ಮೂಲೆಯ ಹುಲ್ಲುಕುತ್ರಿ

ಸುಮಾ, ಗಣಪೂ, ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವಳು ನಾನು. ಈ ಸಂಗತಿಯನ್ನು ನಿಮ್ಮ ಎದುರು ಕೂತು ಹೇಳಲೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಕಲಿತದ್ದು ಊರ ಶಾಲೆಯ ಏಳನೇ ಇಯತ್ತೆವರೆಗೆ; ತಪ್ಪಿದ್ದರೆ ತಿದ್ದಿಕೊಳ್ಳಿ. ಕುಡಿಯುವ ಗಂಡನನ್ನು ಬೈಯಬಹುದು, ಇಸ್ಪೀಟಾಡುವವನನ್ನು ಹುಡುಕಿ ಎಳೆತರಬಹುದು. ಪುಸ್ತಕ ಓದಿ ಸತ್ಯ ಕಂಡುಕೊಂಡ ಗಂಡನಿಗೆ ಮಾತ್ರ ಮದ್ದಿಲ್ಲ.

ನಿಮ್ಮ ಅಜ್ಜ ಹೊಳನಗದ್ದೆಯಲ್ಲಿ ಮಾಸ್ತರರಾಗಿದ್ದರು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಕುಮಟೆಯ ರದ್ದಿ ಅಂಗಡಿಯಿಂದ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕ ತಂದರು. ಈಜಿಪ್ತಿನ ದೊಡ್ಡ ಪಿರಮಿಡ್ಡಿನ ಅಳತೆಯೆಲ್ಲ ದೇವರೇ ಹೇಳಿಕೊಟ್ಟದ್ದಂತೆ. ಬುಡದ ಒಂದೊಂದು ಮಗ್ಗುಲೂ ವರ್ಷದ ದಿನಗಳಷ್ಟೇ ಮೊಳ; ಒಳಗಿನ ಓಣಿಯಲ್ಲಿ ಅಂಗುಲಕ್ಕೊಂದು ವರ್ಷ. ಅಳೆಯುತ್ತ ಹೋದರೆ ಜಲಪ್ರಳಯದಿಂದ ಹಿಡಿದು ಲೋಕ ಮುಗಿಯುವತನಕ ಎಲ್ಲವೂ ಸಿಗುತ್ತದಂತೆ. "ನಮ್ಮ ಋಷಿಗಳೇ ಹೋಗಿ ಕಟ್ಟಿಸಿದ್ದು" ಎಂಬುದನ್ನು ಮಾತ್ರ ಇವರು ತಾವಾಗಿ ಸೇರಿಸಿದರು.

ಮೊದಲು ನಮ್ಮ ಮನೆಯನ್ನೇ ಅಳೆದರು. ಜಗಲಿಯಿಂದ ಅಡಿಗೆಮನೆಗೆ ಟೇಪು ಹಿಡಿದು, "ಈ ಹೊಸ್ತಿಲ ಹತ್ರ ಕಷ್ಟಕಾಲ ಶುರು" ಎಂದರು. ಆ ಹೊಸ್ತಿಲು ದಾಟಿದ ದಿನವೇ ನನಗದು ಗೊತ್ತಾಗಿತ್ತು, ಟೇಪು ಬೇಕಾಗಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಬಹುದಿತ್ತು. ಗದ್ದೆ ಕೊಯ್ಲು ಮುಗಿದು ಹುಲ್ಲುಕುತ್ರಿ ಹಾಕುವ ಸಮಯ ಬಂತು. ನಮ್ಮಲ್ಲಿ ನಡುವೆ ಕಂಬ ನೆಟ್ಟು, ಸುತ್ತ ತುಳಿಯುತ್ತ, ಹುಲ್ಲನ್ನು ದುಂಡಗೆ ಬಣವೆಯಾಗಿ ಒಟ್ಟುತ್ತಾರೆ, ಮಳೆನೀರು ಜಾರಿಹೋಗುತ್ತದೆ. ನಾಲ್ಕು ತಿಂಗಳ ಮಳೆಗಾಲಕ್ಕೆ ದನಕ್ಕೆ ಅದೇ ಗತಿ. ಅದರಲ್ಲೂ ಆ ವರ್ಷ ನಮ್ಮ ಗೌರಿ ಮಳೆಗಾಲದಲ್ಲೇ ಕರು ಹಾಕುವವಳಿದ್ದಳು. ಇವರು ನೆಲದ ಮೇಲೆ ಹಗ್ಗ ಕಟ್ಟಿ ಚೌಕ ಮಾಡಿದರು. ಕುತ್ರಿ ಹಾಕಲು ಬಂದ ನೆರೆಮನೆಯ ತಿಮ್ಮಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಇದೆಂತ ಮಾಸ್ತರ್ರೆ, ಕೊಟ್ಟಿಗೆಗೆ ಪಾಯವೊ?"

"ಕುತ್ರಿಯೇ. ಕಂಬ ಬೇಡ. ಪಿರಮಿಡ್ಡಿಗೆ ಕಂಬ ಇಲ್ಲ. ಸಾವಿರಾರು ವರ್ಷ ಆದ್ರೂ ಒಳಗಿನ ಹೆಣ ಕೊಳೀಲಿಲ್ಲ, ಗೊತ್ತುಂಟಾ?"

"ಹೆಣದ ಸುದ್ದಿ ಬಿಡಿ. ಅಲ್ಲಿ ನಮ್ಮ ಕುಮಟೆ ಮಳೆ ಬತ್ತದ್ಯೊ? ಮೂಲೆ ಇಟ್ರೆ ನೀರು ಬಂದು ಚಕ್ಕಳಮಕ್ಕಳ ಹಾಕಿ ಕೂತ್ಕಂತದೆ!"

ಜೊತೆಗೆ ಬಂದ ಆಳುಗಳೆಲ್ಲ ನಕ್ಕರು. ಇವರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ನೀ ಎಂತ ಹೇಳ್ತೆ?" ಎಂದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಕುತ್ರಿ ಇವರು ಹೇಳಿದಂತೆ ಚೌಕವಾಗಿಯೇ ಎದ್ದಿತು. ಮಳೆ ಹಿಡಿದು ಎಂಟು ದಿನಕ್ಕೆ ಅದರ ಮೂಲೆಗಳಿಂದ ಹಬೆ ಏಳತೊಡಗಿತು. ಕೈ ಹಾಕಿದರೆ ಹುಲ್ಲು ಬಿಸಿ, ಕಪ್ಪು, ನಾತ. ಗೌರಿ ಮೂಸಿ ನೋಡಿ ಮುಖ ತಿರುಗಿಸಿದಳು. ಇವರೋ ಜಗಲಿಯಲ್ಲಿ ಕೂತು ಲೋಕ ಎಂದು ಮುಗಿಯುತ್ತದೆಂದು ಲೆಕ್ಕ ಹಾಕುತ್ತಿದ್ದರು. ಗಬ್ಬದ ದನ ಉಪವಾಸ ಬಿದ್ದರೆ ನನ್ನ ಲೋಕ ಎಂದು ಮುಗಿಯುತ್ತದೆಂದು ನನಗೆ ಲೆಕ್ಕವಿಲ್ಲದೆ ಗೊತ್ತಿತ್ತು.

ಹುಟ್ಟಿದಂದಿನಿಂದ ಯಾರ ಬಾಗಿಲಲ್ಲೂ ಏನೂ ಕೇಳದ ನಾನು ಬೇಲಿ ನುಸುಳಿ ತಿಮ್ಮಪ್ಪನ ಹೆಂಡತಿ ನಾಗಿಯ ಮುಂದೆ ನಿಂತೆ. "ಹುಲ್ಲು..." ಎಂದು ಅವಳ ಅಂಗಳದ ಕುತ್ರಿಯತ್ತ ಕೈ ತೋರಿದೆ.

"ಗೊತ್ತಿತ್ತು ಬಿಡ್ರಾ ಅಮ್ಮ. ನಮ್ಮೋರು ನಿಮಗಂತ್ಲೇ ತೆಗ್ದಿಟ್ಟಾರೆ" ಎಂದಳು ನಾಗಿ.

ಅಂದಿನಿಂದ ಇವರು ಶಾಲೆಗೆ ಹೋದ ಮೇಲೆ ಬೇಲಿಯಾಚೆಯಿಂದ ಒಂದು ಹೊರೆ ಒಣಹುಲ್ಲು ಬರುತ್ತಿತ್ತು. ನಮ್ಮ ಕುತ್ರಿಯಿಂದ ಅಷ್ಟೇ ಕೊಳೆತದ್ದನ್ನು ತೆಗೆದು ನಾನು ಗೊಬ್ಬರಗುಂಡಿಗೆ ಸೇರಿಸುತ್ತಿದ್ದೆ. ಸಂಜೆ ಇವರು ಗೌರಿಯ ಮುಂದಿನ ಹುಲ್ಲು ಮುಟ್ಟಿ, "ಇಷ್ಟು ಮಳೆಯಲ್ಲೂ ಗರಿಗರಿ! ದೇವರ ಅಳತೆ ಅಂದ್ರೆ ಇದು" ಎನ್ನುತ್ತಿದ್ದರು. ಬಾಯಿಗೆ ಬಂದದ್ದನ್ನು ದಿನವೂ ನುಂಗಿದೆ. ಆಳುಗಳ ಮುಂದೆ ಒಮ್ಮೆ ಕೆಂಪಾದ ಮುಖ ಇನ್ನೊಮ್ಮೆ ಕೆಂಪಾಗುವುದು ಬೇಡವೆನಿಸಿತು. ಗೌರಿ ಸುಖವಾಗಿ ಕರು ಹಾಕಿದಳು. ಅದರ ಕೀರ್ತಿಯೂ ಈಜಿಪ್ತಿಗೇ ಹೋಯಿತು.

ಆಮೇಲೆ ಇವರನ್ನು ಹಿಡಿಯುವವರಿಲ್ಲ. ಹೊನ್ನಾವರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಪ್ರವಚನ. ಮರುವರ್ಷ ಹಳದೀಪುರದ ಒಬ್ಬರು ಇವರ ಮಾತು ನಂಬಿ ನಾಲ್ಕು ಮೂಲೆಯ ಕುತ್ರಿ ಹಾಕಿಸಿದರು. ಅಷ್ಟೂ ಹುಲ್ಲು ಕೊಳೆಯಿತು. ಅವರ ಹೆಂಡತಿ ಕುಮಟೆ ಪೇಟೆಯಲ್ಲಿ ನನ್ನನ್ನು ಹಿಡಿದು, "ಅಕ್ಕಾ, ನಿಮ್ಮನೆಯದು ಹೆಂಗೆ ಉಳೀತು?" ಎಂದು ಕೇಳಿದಳು. ನಾನು ಬಳೆ ಅಂಗಡಿಯ ಕಡೆ ಮುಖ ಮಾಡಿ, "ಅವರಿಗೇ ಗೊತ್ತು" ಎಂದೆ.

ಪುಸ್ತಕ ಬರೆದವನನ್ನು ಇಷ್ಟು ವರ್ಷ ಬೈದೆ. ಆದರೆ ಅವನ ಸಿದ್ಧಾಂತಕ್ಕೆ ಈ ಸೀಮೆಯಲ್ಲಿ ಸಿಕ್ಕ ಒಂದೇ ಒಂದು ಸಾಕ್ಷಿಯನ್ನು ದಿನಕ್ಕೊಂದು ಹೊರೆಯಂತೆ ಹೊತ್ತು ಹಾಕಿದವಳು ನಾನೇ. ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿಡಿ, ಮಕ್ಕಳೇ. ಹಳದೀಪುರದವರ ಕೈಗೆ ಮಾತ್ರ ಕೊಡಬೇಡಿ.