ಕ್ಷಮಿಸಲಿಕ್ಕೊಬ್ಬ ಬಿಳಿಯ

ಹತ್ತು ಗಂಟೆಯ ಬಸ್ಸಿನಿಂದ ಬಿಳಿಯರು ಯಾರೂ ಇಳಿಯಲಿಲ್ಲ. ಎಪೆಲಿಯ ಅಂದಿನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಇಳಿದದ್ದು ಎರಡು ಮೂಟೆ ಮೈದಾಹಿಟ್ಟು, ಒಂದು ಗ್ಯಾಸ್ ಸಿಲಿಂಡರು ಮತ್ತು ಅರವತ್ತು ದಾಟಿದ ಒಬ್ಬ ಹೆಂಗಸು. ಗಟ್ಟಿಮುಟ್ಟಾದ ಆಳು. ಮೈಬಣ್ಣ ಹೆಚ್ಚುಕಡಿಮೆ ಫೀಜಿಯವನಾದ ಎಪೆಲಿಯದೇ. ಟೊಂಗಾ ದ್ವೀಪದವರ ರೀತಿಯಲ್ಲಿ ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದರು. ಎಪೆಲಿ ಹೂಮಾಲೆ ಹಿಡಿದುಕೊಂಡೇ ಬಸ್ಸಿನೊಳಗೆ ಇಣುಕಿದ, ಹಿಂದೆ ಹೋಗಿ ನೋಡಿದ, ಡ್ರೈವರನ್ನೂ ಕೇಳಿದ. ಬಸ್ಸು ಅವನ ಮುಖಕ್ಕೆ ಹೊಗೆ ಬಿಟ್ಟು ಹೊರಟುಹೋಯಿತು.

"ನಾಕೊರೊವಾಯಿಗೆ ಇದೇ ದಾರಿನಾ ತಮ್ಮಾ?" ಎಂದರು ಆಕೆ.

"ಹೌದಕ್ಕಾ. ನಿಮ್ ಜೊತೆ ಬೇರೆ ಯಾರಾದ್ರೂ ಬಂದ್ರಾ? ಒಂಚೂರು... ಬೆಳ್ಳಗಿರೋರು?"

"ಪಕ್ಕದ ಸೀಟಲ್ಲಿ ಒಂದು ಬಿಳೀ ಕೋಳಿ ಇತ್ತಪ್ಪ. ಹಿಂದಿನ ಸ್ಟಾಪಲ್ಲೇ ಇಳಿದುಹೋಯ್ತು." ಆಕೆ ನಕ್ಕು ಚೀಲ ಕೆಳಗಿಟ್ಟರು. "ನಾನು ಲೊಸೇಲಿ. ಟೊಂಗಾದಿಂದ ಬಂದೆ. ಉಪದೇಶಿ ತೆವಿತಾ ಅಂತ ಇದ್ರಲ್ಲ, ಅವರ ಮನೆತನದೋಳು. ನಿಮ್ಮ ಚರ್ಚಿಂದ ನಮಗೆ ಕಾಗದ ಬಂದಿತ್ತು."

ಬಸ್ಸು ಹೋದ ದಾರಿಯನ್ನು ಎಪೆಲಿ ಇನ್ನೊಮ್ಮೆ ನೋಡಿದ. ಮಾಲೆಯನ್ನು ಆಕೆಯ ಕೊರಳಿಗೆ ಹಾಕಿದನೇನೋ ನಿಜ, ಆದರೆ ತಪ್ಪು ವಿಳಾಸಕ್ಕೆ ಕಾಗದ ಹಾಕಿದವನ ಮುಖ ಮಾಡಿಕೊಂಡು ಹಾಕಿದ.

ವಿಷಯ ಇಷ್ಟು. ನೂರಮೂವತ್ತು ವರ್ಷದ ಹಿಂದೆ ಯೇಸುವಿನ ಹೆಸರನ್ನು ಮೊದಲ ಸಲ ಊರಿಗೆ ತಂದ ಉಪದೇಶಿಯನ್ನು ನಾಕೊರೊವಾಯಿಯವರು ಗದೆಯಿಂದ ಬಡಿದು ಹೊಳೆಗೆ ಬೀಳಿಸಿದ್ದರು. ಬಡಿದವನು ರವುಲೊ, ಎಪೆಲಿಯ ಮುತ್ತಜ್ಜ. ಆಮೇಲೆ ಊರಿಗೆ ಊರೇ ಕ್ರಿಶ್ಚಿಯನ್ ಆಯಿತು. ಆದರೆ ಸತ್ತವನ ಶಾಪ ಮಾತ್ರ ಹೋಗಿಲ್ಲವೆಂದು ಎಲ್ಲರ ನಂಬಿಕೆ. ಬಿರುಗಾಳಿಗೆ ಶಾಲೆಯ ತಗಡು ಹಾರಿದರೂ, ರಗ್ಬಿಯಲ್ಲಿ ಊರ ತಂಡ ಸೋತರೂ, ಯಾರದೋ ಹಂದಿ ಸತ್ತರೂ ಜನ ತುಟಿಪಿಟಕ್ಕೆನ್ನದೆ ಎಪೆಲಿಯ ಮನೆಯ ಕಡೆ ನೋಡುತ್ತಿದ್ದರು. ಐವತ್ತೆಂಟು ವರ್ಷ ಆ ನೋಟ ಹೊತ್ತು ಅವನಿಗೆ ಸಾಕುಸಾಕಾಗಿತ್ತು. ಇವತ್ತು ಸತ್ತವನ ವಂಶದವರ ಮುಂದೆ ಮಂಡಿಯೂರಿ ತಿಮಿಂಗಿಲದ ಹಲ್ಲನ್ನು ನೀಡಬೇಕು. ಅವರು ಅದನ್ನು ಕೈಯಲ್ಲಿ ತೆಗೆದುಕೊಂಡರೆ ತಪ್ಪು ಅಲ್ಲಿಗೆ ತೀರಿತು. ನಾಳೆಯಿಂದ ಯಾರ ಹಂದಿ ಸತ್ತರೂ ಅದು ಆ ಹಂದಿಯ ಹಣೆಬರಹ.

ತೊಡಕಿದ್ದದ್ದು ಒಂದೇ. ಸತ್ತವನು ಬಿಳಿಯನೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಕಂಡವರಿಲ್ಲ. ಆದರೆ ಧರ್ಮ ತಂದವನು ಅಂದಮೇಲೆ ಬಿಳಿಯನಲ್ಲದೆ ಇನ್ಯಾರು? ಹೊಳೆಯ ಆಚೆ ದಡದ ಊರಿನವರೂ ಒಬ್ಬ ಉಪದೇಶಿಯನ್ನು ಕೊಂದಿದ್ದರು, ಆದರೆ ಅವನು ಟೊಂಗಾದವನು. "ನಿಮ್ಮೋರು ಹೊಡೆದದ್ದು ಪಕ್ಕದ ದ್ವೀಪದೋನನ್ನ, ನಮ್ಮೋರು ಹೊಡೆದದ್ದು ಲಂಡನ್ನಿನೋನನ್ನ" ಎಂದು ನಾಕೊರೊವಾಯಿಯವರು ಮೂರು ತಲೆಮಾರಿನಿಂದ ಅವರನ್ನು ಹಂಗಿಸಿಕೊಂಡು ಬಂದಿದ್ದರು.

ಊರ ಪಾದ್ರಿ ಬರೆದ ಕಾಗದವನ್ನು ಚರ್ಚಿನ ಮೇಲಿನ ಆಫೀಸಿನವರು ಹಳೆಯ ದಾಖಲೆ ಹುಡುಕಿ ಸತ್ತವನ ವಂಶದವರಿಗೆ ಕಳಿಸಿದ್ದರು. ಹಾಗಾಗಿ ಬಿಳಿಯರು ಬರುತ್ತಾರೆಂದು ಸಿದ್ಧತೆಯೋ ಸಿದ್ಧತೆ. ಬೆಣ್ಣೆ ಬಂದಿತ್ತು, ಜಾಮ್ ಬಂದಿತ್ತು. ಕೂತು ಹೋಗುವ ಕಕ್ಕಸೊಂದನ್ನು ಎಪೆಲಿಯೇ ಕಟ್ಟಿ, ನೀಲಿ ಬಣ್ಣ ಬಳಿದು, ಊರಿನವರು ಯಾರೂ ಉದ್ಘಾಟನೆ ಮಾಡದಂತೆ ಮೂರು ದಿನ ಕಾದಿದ್ದ.

ಊರಿಗೆ ಒಂದೂವರೆ ಮೈಲಿ ನಡಿಗೆ. ದಾರಿಯಲ್ಲಿ ಲೊಸೇಲಿ, "ಕಾಗದದಲ್ಲಿ ಏನೋ ವಿಷಯ ಮುಂದಿಡಬೇಕು ಅಂತಿತ್ತು. ಏನದು?" ಎಂದರು.

ಎಪೆಲಿ ಹೊಳೆಯನ್ನು ನೋಡಿದ, ಆಕಾಶ ನೋಡಿದ. ಇಂಥ ತಪ್ಪನ್ನು ಹಲ್ಲು ಹಿಡಿದು ಮಂಡಿಯೂರಿದಾಗಲೇ ಬಾಯಿಬಿಡಬೇಕು. ಅದಕ್ಕೆ ಮುಂಚೆ ಕಾಗದದಲ್ಲಿ ಬರೆಯುವುದಾಗಲಿ ದಾರಿಯಲ್ಲಿ ಹರಟುವುದಾಗಲಿ ಸತ್ತವನಿಗೆ ಮಾಡಿದ ಇನ್ನೊಂದು ಅವಮಾನ. ಪಾದ್ರಿಯೂ ಅದಕ್ಕೇ ಕಾಗದದಲ್ಲಿ ವಿಷಯ ಏನೆಂದು ಬರೆದಿರಲಿಲ್ಲ.

"ಊಟ ಇದೆ ಅಕ್ಕಾ," ಎಂದ.

ಊರ ಬಾಗಿಲಲ್ಲಿ ಮುಖಂಡ ಕಿನಿಜೋಜಿ ಪಂಚೆಯಂಥ ಗರಿಗರಿ ಸುಲು ಉಟ್ಟು ನಿಂತಿದ್ದ. ಲೊಸೇಲಿಗೆ ನಮಸ್ಕಾರ ಮಾಡಿ, ಹೆಂಗಸರ ಜೊತೆ ಒಳಗೆ ಕಳಿಸಿ, ಎಪೆಲಿಯ ರಟ್ಟೆ ಹಿಡಿದ.

"ಅಡುಗೆಯೋಳನ್ನ ಮುಂದೆ ಕಳ್ಸಿದ್ದಾರಾ? ದೊರೆಗಳೆಲ್ಲೋ?"

"ಅಣ್ಣಾ, ಅವರೇ ದೊರೆಗಳು."

ಕಿನಿಜೋಜಿ ಹಿಡಿದ ರಟ್ಟೆ ಬಿಟ್ಟ. "ಟೊಂಗಾದೋರು? ಲೋ, ಅದು ಆಚೆ ದಡದೋರ ಹೆಣ ಕಣೋ! ಮೇಲಿನ ಆಫೀಸಿನೋರು ಅದಲು ಬದಲು ಮಾಡಿದ್ದಾರೆ. ನೀನು ಹೋದ ಕೆಲಸ ಒಂದಾದ್ರೂ ನೆಟ್ಟಗಾಗಿದ್ಯೇನೋ?"

"ಬಸ್ಸಿಂದ ಯಾರಿಳಿಬೇಕು ಅನ್ನೋದು ನನ್ನ ಕೈಲಿತ್ತಾ ಅಣ್ಣಾ?"

"ನಿಮ್ಮ ಮನೇದು ಕೈಯೇ ಹಂಗೆ." ಕಿನಿಜೋಜಿ ಗಲ್ಲ ಕೆರೆದುಕೊಂಡ. "ಮೇಲೆ ಪಂಪ್‌ಹೌಸಲ್ಲಿ ಒಬ್ಬ ಆಸ್ಟ್ರೇಲಿಯಾದೋನು ಇದ್ದಾನಲ್ಲ, ಕರ್ಕೊಂಡ್ ಬಾ. ಬಿಳಿಯರ ಪರವಾಗಿ ಯಾರಾದ್ರೂ ಒಬ್ಬ ಹಲ್ಲು ತಗೊಂಡ್ರೆ ಸಾಕು. ಆಯಮ್ಮನ್ನ ಊಟ ಆದ್ಮೇಲೆ ದೋಣೀಲಿ ಆಚೆ ದಾಟಿಸಿಬಿಡೋಣ."

ಎಪೆಲಿ ಗುಡ್ಡ ಹತ್ತಿದ. ಮೊಣಕಾಲು ನೋಯುತ್ತಿತ್ತು. ಅರ್ಧ ದಾರಿಯಲ್ಲಿ ಜಾರಿ ಬಿದ್ದು ಹಬ್ಬದ ಸುಲು ಕೆಸರಾಯಿತು. ಮುತ್ತಜ್ಜ ಒಂದು ಏಟು ಹಾಕಿದ, ಅದರ ಸುಸ್ತು ತನಗೆ ಇಂದಿಗೂ ಕಳೆದಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು.

ಪಂಪಿನ ಕೆಳಗೆ ಮಲಗಿ ನಟ್ಟು ತಿರುಗಿಸುತ್ತಿದ್ದ ಇಂಜಿನಿಯರ್ ಆಶರ್ ಒಳ್ಳೆಯ ಮನುಷ್ಯ. ಎದ್ದು ಕೂತು ಪೂರ್ತಿ ಕೇಳಿಸಿಕೊಂಡ.

"ಅರ್ಧ ಗಂಟೆ ಬಂದು ಕೂತ್ರೆ ಸಾಕು ಸಾರ್. ನಾವು ಕ್ಷಮೆ ಕೇಳ್ತೀವಿ, ನೀವು ಆಯ್ತು ಅನ್ನಿ."

"ಏನು ತಪ್ಪಿಗೆ?"

"ಅದನ್ನ ಮುಂಚೆ ಹೇಳೋ ಹಾಗಿಲ್ಲ."

"ಕೊಲೆ ಗಿಲೆ ಏನೂ ಅಲ್ಲ ತಾನೇ?" ಎಂದು ಆಶರ್ ನಕ್ಕ. ಎಪೆಲಿ ನಗದೆ ಇದ್ದುದನ್ನು ಕಂಡು ಸ್ಪಾನರ್ ಕೆಳಗಿಟ್ಟ.

"ನಿಮ್ಮ ಧರ್ಮಕ್ಕೆ ಸಂಬಂಧಪಟ್ಟ ವಿಷ್ಯ ಸಾರ್."

"ನನ್ನ ಧರ್ಮಾನಾ? ನಾನು ಯಹೂದಿ ಕಣಪ್ಪ."

"ಅಂದ್ರೆ ಯೇಸುಸ್ವಾಮಿ..."

"ನಮ್ಮ ಪೈಕಿನೇ. ಹುಟ್ಟಿದ್ದು, ಬೆಳೆದದ್ದು ಎಲ್ಲಾ ನಮ್ಮಲ್ಲೇ. ಆದ್ರೆ ಚರ್ಚಿಗೆ ಹೋಗೋರು ನೀವು, ನಾವಲ್ಲ." ಆಶರ್ ಅವನ ಮುಖ ನೋಡಿ ಮರುಗಿ, "ಹೋಗ್ಲಿ, ಊಟಕ್ಕೆ ಬೇಕಾದ್ರೆ ಬರ್ತೀನಿ. ಏನು ಮಾಡಿಸಿದ್ದೀರಿ?" ಎಂದ.

"ಹಂದಿ."

ಆಶರ್ "ಅದೂ ನಮ್ಮಲ್ಲಿ ತಿನ್ನಲ್ಲ," ಎಂದು ಎಪೆಲಿಯ ಭುಜ ತಟ್ಟಿ, ಮತ್ತೆ ಪಂಪಿನ ಕೆಳಗೆ ತೂರಿಕೊಂಡ.

ಎಪೆಲಿ ಒಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ಯೇಸುವಿನ ನೆಂಟರು ಚರ್ಚಿಗೆ ಹೋಗುವುದಿಲ್ಲ. ಚರ್ಚಿಗೆ ಹೋಗುವ ತಾವು ಯೇಸುವಿನ ನೆಂಟರಲ್ಲ. ನಡುವೆ ಬಿಳಿಯರು ಎಲ್ಲಿಂದ ಬಂದರೆಂದು ಯೋಚಿಸಿ ಯೋಚಿಸಿ ತಲೆನೋವು ಬಂದು, ಎದ್ದು ಇಳಿದ.

ಬರಿಗೈಯಲ್ಲಿ ಬಂದವನನ್ನು ಕಂಡು ಕಿನಿಜೋಜಿ ಹಣೆ ಚಚ್ಚಿಕೊಂಡ. "ಬಿಳಿಯ ಅಂತೆ, ಕ್ರಿಶ್ಚಿಯನ್ ಅಲ್ಲವಂತೆ! ನಿನಗೆ ಮಾತ್ರ ಇಂಥೋರು ಎಲ್ಲಿ ಸಿಗ್ತಾರೋ ಮಾರಾಯಾ?"

ಇಬ್ಬರೂ ಊರ ಒಡೆಯ ರಾತು ಪೆನಿಯವರ ಮನೆಗೆ ಹೋದರು. ಎಂಬತ್ತರ ಹಿರಿಯ ಚಾಪೆಯ ಮೇಲೆ ಕೂತು, ಅತಿಥಿಯನ್ನು ಆಚೆ ದಡಕ್ಕೆ ಸಾಗಹಾಕುವ ಮಾತನ್ನು ನಯವಾಗಿ ತೆಗೆಯುತ್ತಿದ್ದರು.

"ತಾಯಿ, ನಿಮ್ಮ ಹಿರಿಯರು ಇದ್ದದ್ದು ಇದೇ ಊರಲ್ಲಿ ಅನ್ನೋದು ಖಚಿತಾನಾ? ಎದುರಿಗೇ ಇನ್ನೊಂದು ಊರಿದೆ. ಟೊಂಗಾದೋರಿಗೆ ಅದೇ ಹೆಚ್ಚು ಹೊಂದುತ್ತೆ."

"ಇದೇ ಊರು ರಾತು. ನಮ್ಮನೇಲಿ ಪ್ರತಿ ಭಾನುವಾರ ಸಂಜೆ ನಿಮ್ಮೂರಿನೋರ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀವಿ. ತೆವಿತಾ ತಾತ ಶುರುಮಾಡಿದ್ದು. ನನಗೆ ಮೂರು ವರ್ಷಕ್ಕೇ ಬಾಯಿಪಾಠ ಆಗಿತ್ತು."

ಆಕೆ ಕಣ್ಣು ಮುಚ್ಚಿ ಹೇಳತೊಡಗಿದರು. "ನಾವುನಿಸಾ, ಅವನ ಹೆಂಡತಿ ಸೆನಿ. ಟುಕಾನ ಮನೆಯವರು. ಕೊರೊಯ್, ಅವನ ಕುಂಟ ತಮ್ಮ..." ಒಂದೊಂದು ಹೆಸರಿಗೂ ಕೋಣೆಯಲ್ಲಿ ಒಬ್ಬೊಬ್ಬರು ತಲೆಯೆತ್ತಿದರು. ನಾವುನಿಸಾ ರಾತು ಪೆನಿಯವರ ಮುತ್ತಜ್ಜ. ಕುಂಟ ತಮ್ಮ ಕಿನಿಜೋಜಿಯ ಮುತ್ತಜ್ಜ. ಕುಂಟನೆಂಬುದು ಆ ಮನೆಯವರನ್ನು ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆಕೆ "ರವುಲೊ" ಎಂದರು. ಒಂದು ಕ್ಷಣ ಬಿಟ್ಟು ಮತ್ತೆ "ರವುಲೊ" ಎಂದು ಕಣ್ಣು ತೆರೆದರು. "ಈ ಹೆಸರನ್ನ ಎರಡು ಸಲ ಹೇಳ್ಬೇಕು ಅಂತ ತಾತ ಹೇಳಿಟ್ಟಿದ್ರಂತೆ. ಯಾಕೋ ಗೊತ್ತಿಲ್ಲ."

ರಾತು ಪೆನಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. "ಅವರು ನಮ್ಮೋರೇ. ಬಣ್ಣದ ಮಾತು ಇನ್ನು ಯಾರೂ ಎತ್ತಕೂಡದು," ಎಂದರು. ಕಿನಿಜೋಜಿ ಮಾತ್ರ ಮೆಲ್ಲಗೆ, "ಆಚೆ ದಡದೋರಿಗೆ ಏನು ಹೇಳೋದು?" ಎಂದು ಗೋಡೆಯನ್ನು ಕೇಳಿದ. ಮಿಷನರಿಯನ್ನು ಕಳೆದುಕೊಂಡ ದುಃಖಕ್ಕಿಂತ ಲಂಡನ್ ಕಳೆದುಕೊಂಡ ದುಃಖ ಅವನಿಗೆ ಹೆಚ್ಚಾಗಿತ್ತು.

ಮಧ್ಯಾಹ್ನ ಎರಡಕ್ಕೆ ಚರ್ಚಿನ ಬಯಲಿನಲ್ಲಿ ಊರೆಲ್ಲ ನೆರೆಯಿತು. ಕುಳಿಯಲ್ಲಿ ಕಾದ ಕಲ್ಲುಗಳ ಮೇಲೆ ಹಂದಿ ಬೇಯುತ್ತಿತ್ತು. ಲೊಸೇಲಿ ಬಿಳಿಯರಿಗೆಂದು ಇಟ್ಟ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಕೂತರು. ಎಪೆಲಿ ಕೆಸರಿನ ಸುಲುವಿನಲ್ಲೇ ತೆವಳಿ ಬಂದು ಮಂಡಿಯೂರಿ, ಎರಡೂ ಕೈಯಲ್ಲಿ ಹಲ್ಲನ್ನೆತ್ತಿ ಹಿಡಿದ.

"ಅಮ್ಮಾ, ನಾನು ರವುಲೊನ ಮರಿಮಗ. ನಿಮ್ಮ ಹಿರಿಯರು ನಮಗೆ ಒಳ್ಳೇ ಸುದ್ದಿ ತಂದ್ರು. ನಮ್ಮ ಮುತ್ತಜ್ಜ ಅವರ ತಲೆಗೆ ಗದೆಯಿಂದ ಹೊಡೆದು ಸಾಯಿಸಿದ. ಈ ಭಾರ ಹೊತ್ತು ನನಗೆ ಸಾಕಾಗಿದೆ. ಇದನ್ನ ತಗೊಂಡು ಬಿಡುಗಡೆ ಮಾಡಿ."

ಲೊಸೇಲಿ ಕೈ ನೀಡಲಿಲ್ಲ.

"ಸಾಯಿಸಿದನಾ?" ಎಂದರು. "ಯಾರನ್ನ?"

"ತೆವಿತಾ ಅವರನ್ನ ಅಮ್ಮಾ."

"ತೆವಿತಾ ತಾತ ಸತ್ತದ್ದು ತೊಂಬತ್ತೊಂದನೇ ವಯಸ್ಸಲ್ಲಿ, ನಮ್ಮನೇ ಹಾಸಿಗೆ ಮೇಲೆ. ಇಲ್ಲಿಂದ ಬಂದ್ಮೇಲೆ ಮದುವೆಯಾಗಿ ಹನ್ನೊಂದು ಮಕ್ಕಳು ಆದ್ವು!" ಆಕೆಯ ಕೈ ತಾನಾಗಿ ತಲೆಯ ಹಿಂಭಾಗಕ್ಕೆ ಹೋಯಿತು. "ಅಯ್ಯೋ ದೇವರೇ. ತಲೇಲಿ ಒಂದು ಗುಳಿ ಇತ್ತಂತೆ. ಮೊಮ್ಮಕ್ಕಳು ಅದರಲ್ಲಿ ಬೆರಳಿಟ್ಟು ಆಡ್ತಿದ್ರಂತೆ. ಫೀಜಿಯಲ್ಲಿ ಹಲಸಿನ ಮರದಿಂದ ಬಿದ್ದೆ ಅಂತ ಸಾಯೋವರೆಗೂ ಹೇಳ್ತಿದ್ರು."

ಆಕೆ ನಕ್ಕರು, ಹಾಗೇ ಅತ್ತರು. ಎಪೆಲಿಯ ಕೈಗಳನ್ನು ಹಿಡಿದು ಹಲ್ಲನ್ನು ಅವನ ಎದೆಗೇ ಒತ್ತಿದರು. "ನಾನು ಇದನ್ನ ತಗೊಳೋ ಹಾಗಿಲ್ಲ ತಮ್ಮಾ. ಅವರೇ ಕ್ಷಮಿಸಿ, ತಪ್ಪನ್ನ ಆ ಹಲಸಿನ ಮರದ ಮೇಲೆ ಹಾಕಿ ಮುಗಿಸಿಬಿಟ್ಟಿದ್ದಾರೆ. ನಿಮ್ಮ ಮೇಲೆ ಯಾವ ಶಾಪಾನೂ ಇಲ್ಲ. ಯಾವತ್ತೂ ಇರಲಿಲ್ಲ."

ಎಪೆಲಿಯ ಮೈ ಹಗುರಾಯಿತು. ಹುಟ್ಟಿದಾಗಿನಿಂದ ಇಷ್ಟು ಹಗುರ ಅವನು ಕಂಡಿರಲಿಲ್ಲ. ಹಾಗೆ ಒಂದು ಅರ್ಧ ನಿಮಿಷ ಇದ್ದಿರಬೇಕು.

"ಶಾಪ ಇರಲೇ ಇಲ್ಲ?" ಎಂದ ಕಿನಿಜೋಜಿ. "ಹಾಗಾದ್ರೆ ಶಾಲೆ ತಗಡು? ರಗ್ಬಿ? ನನ್ನ ಮೂರು ಹಂದಿ?"

ಬಯಲಿನ ಅಷ್ಟೂ ತಲೆಗಳು ನಿಧಾನವಾಗಿ ಎಪೆಲಿಯ ಕಡೆ ತಿರುಗಿದವು. ಇಷ್ಟು ದಿನ ಆ ನೋಟಕ್ಕೆ ಮುತ್ತಜ್ಜನಾದರೂ ಪಾಲುದಾರನಾಗಿದ್ದ.

"ಒಂದು ಏಟು," ಎಂದು ಹಿಂದಿನಿಂದ ಯಾರೋ ಗೊಣಗಿದರು. "ಒಂದೇ ಒಂದು ಏಟು ಹಾಕೋ ಕೆಲಸ. ಅದೂ ನೆಟ್ಟಗೆ ಮಾಡಲಿಲ್ಲ ಅವನು."

ರಾತು ಪೆನಿ ಕೋಲೂರಿ ಎದ್ದು, ಹೊಳೆಯ ಆಚೆ ದಡವನ್ನು ಬಹಳ ಹೊತ್ತು ನೋಡಿದರು.

"ಬಿಳಿಯನನ್ನ ಕೊಂದ್ವಿ ಅಂತ ಮೂರು ತಲೆಮಾರು ಆ ಜನಾನ ಹಂಗಿಸಿದ್ವಿ. ಅವನು ಬಿಳಿಯನೂ ಅಲ್ಲ, ನಾವು ಕೊಂದೂ ಇಲ್ಲ. ದೊಡ್ಡ ತಪ್ಪಾಯ್ತು. ಮುಂದಿನ ಶನಿವಾರ ದೋಣಿ ದಾಟಿ ಹೋಗಿ ಅವರ ಮುಂದೆ ಮಂಡಿಯೂರಬೇಕು." ಅವರು ಎಪೆಲಿಯ ಕಡೆ ತಿರುಗಿದರು. "ನೀನೇ ಹೋಗಪ್ಪ. ಹಲ್ಲು ಹೇಗೂ ನಿನ್ನ ಕೈಲೇ ಇದೆಯಲ್ಲ."