ಗಿಟಾರಿನ ನಡುಕ ಮತ್ತು ಊಟದ ಮಣೆ

ಅಂಜುಬುರುಕರಲ್ಲೂ ಬಗೆಬಗೆ. ಹಾವಿಗೆ ಹೆದರುವವರಿದ್ದಾರೆ, ಸಾಹೇಬರಿಗೆ ಹೆದರುವವರಿದ್ದಾರೆ. ನಾನು ಕರೆಂಟಿಗೆ ಹೆದರುವವನು. ನಮ್ಮ ಮನೆಯಲ್ಲಿ ಬಲ್ಬು ಬದಲಿಸುವವಳು ನನ್ನ ಹೆಂಡತಿ ಗಿರಿಜಾ. ನಾನು ಬಾಗಿಲ ಹೊರಗೆ ನಿಂತು ‘ಜ್ವಾಕಿ, ಜ್ವಾಕಿ’ ಎನ್ನುವವನು. ಇಂಥವನು ಎಲೆಕ್ಟ್ರಿಕ್ ಗಿಟಾರಿನ ತಂಟೆಗೆ ಯಾಕೆ ಹೋದ ಎಂದು ನೀವು ಕೇಳಬಹುದು. ನಾನು ಕಲಿತದ್ದು ಬರೀ ಕಟ್ಟಿಗೆಯ ಗಿಟಾರು. ಬೈಲಹೊಂಗಲದ ಆರ್ಕೆಸ್ಟ್ರಾ ಪಾರ್ಟಿ ಸೇರಿದ ಮೇಲೆ ಅದಕ್ಕೆ ವೈರು ಬಂತು, ನನ್ನ ನೆಮ್ಮದಿ ಹೋಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಹಗಲು ಸಂಪಗಾಂವದಲ್ಲಿ ಹುಡುಗರಿಗೆ ಗಣಿತ ಹೇಳಿ, ಸಂಜೆ ಪಾರ್ಟಿಯಲ್ಲಿ ನುಡಿಸುತ್ತಿದ್ದೆ. ಒಂದು ದಿನ ಪಾರ್ಟಿಯ ಮಾಲೀಕ ಈರಣ್ಣ ತಗಾದೆ ತೆಗೆದ. “ಮಾಸ್ತರ, ಹಳೇ ಹಾಡಿನ್ಯಾಗ ಗಿಟಾರ್ ನಡಗತೈತಿ, ನಿಮ್ಮದು ನಡಗೂದಿಲ್ಲ. ಸವದತ್ತಿ ಕಾರ್ಯಕ್ರಮದಾಗ ಆ ನಡುಕ ಬರಲಿಲ್ಲಂದ್ರ ರಾಮದುರ್ಗದ ಕೀಬೋರ್ಡಿನವನ್ನ ಕರಸ್ತೇನಿ. ಅವನ ಪೆಟಿಗ್ಯಾಗ ಒಂದು ಗುಂಡಿ ಒತ್ತಿದ್ರ ಎಲ್ಲಾ ನಡಗತೈತಿ.” ಪಾರ್ಟಿಯ ಕುರ್ಚಿ ಹೋದರೆ ನಾನು ಬರೀ ಗಣಿತದ ಮಾಸ್ತರ. ಗಣಿತದ ಮಾಸ್ತರನನ್ನು ಕಂಡು ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಓಣಿ ಬದಲಿಸುತ್ತಾರೆ.

ಈ ನಡುಕಕ್ಕೆ ಟ್ರೆಮೋಲೊ ಎಂದು ಹೆಸರು. ದನಿ ಏರಿ ಇಳಿದು, ತೊಟ್ಟಿಲು ತೂಗಿದಂತೆ ಕೇಳುತ್ತದೆ. ಮೈಕ್‌ಸೆಟ್ಟಿನ ದಸ್ತಗೀರ್ ಚಾಚಾ ತಮ್ಮ ಅಂಗಡಿಯಲ್ಲಿ ಅದರ ಎರಡು ದಾರಿ ತೋರಿಸಿದರು. ಒಂದು, ಕಾಲಿನಿಂದ ಒತ್ತುವ ಪೆಡಲ್. ಇನ್ನೊಂದು, ನಡುಕವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಆಂಪ್ಲಿಫೈಯರ್. ಅದರ ಗುಬ್ಬಿ, ಅಂದರೆ ನಾಬ್, ತಿರುವಿದರೆ ಸಾಕು. “ಪೆಡಲ್ ಬ್ಯಾಟರಿ ಮ್ಯಾಲೆ ನಡೀತೈತ್ರಿ, ಶಾಕ್ ಹೊಡಿಯೂದಿಲ್ಲ” ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಯಾರಾದರೂ ನೋಡುತ್ತಿದ್ದರೆ ನನ್ನ ಕಾಲು ನಡುಗುತ್ತದೆ. ಚಾಚಾ ಒಬ್ಬರೇ ನೋಡುತ್ತಿದ್ದರೂ ಪೆಡಲ್ ಟಕಟಕ ಎಂದು ಹೊತ್ತಿ ಆರಿತು. “ಮಾಸ್ತರ, ಹಾಡು ನುಡಸ್ತೀರೋ, ಪೋಸ್ಟಾಫೀಸಿನ ತಾರು ಕಳಸ್ತೀರೋ?” ಎಂದರು. ಉಳಿದದ್ದು ಆಂಪ್ಲಿಫೈಯರ್. ಅದರ ಗುಬ್ಬಿ ಕಬ್ಬಿಣದ್ದು. ವೇದಿಕೆಗೆ ಪೂಜೆ ಮಾಡಿರುತ್ತಾರೆ, ಚಪ್ಪಲಿ ಹಾಕುವಂತಿಲ್ಲ. ಬರಿಗಾಲು, ಕಬ್ಬಿಣ, ನಮ್ಮ ಕಡೆಯ ಅರ್ಥಿಂಗ್. ಈ ಮೂರನ್ನು ಕೂಡಿಸಿದರೆ ಏನು ಬರುತ್ತದೆಂದು ಗಣಿತದ ಮಾಸ್ತರನಿಗೆ ಯಾರೂ ಹೇಳಬೇಕಾಗಿಲ್ಲ.

ಕಟ್ಟಿಗೆಯ ಮೇಲೆ ನಿಂತವನಿಗೆ ಶಾಕ್ ಹೊಡೆಯದು ಎಂದು ನೆನಪಾಗಿ, ಅಡುಗೆಮನೆಯಿಂದ ಊಟದ ಮಣೆ ಎತ್ತಿಕೊಂಡೆ. “ಉಣ್ಣಾಕ ಕುಂಡ್ರೂ ಮಣಿರೀ ಅದು, ಕಾಲಿಟ್ಟು ನಿಂದರತೀರೇನು?” ಎಂದಳು ಗಿರಿಜಾ. “ಬದುಕಿ ಬಂದ್ರ ತೊಳದು ಕೊಡತೇನಿ” ಎಂದೆ. ಸವದತ್ತಿಯ ವೇದಿಕೆಯಲ್ಲಿ ಮಣೆಯ ಮೇಲೆ ನಿಂತವನನ್ನು ಕಂಡು ಮುಂದಿನ ಸಾಲಿನ ಹೆಣ್ಣುಮಕ್ಕಳು “ಅರಿಷಿಣ ಹಚ್ಚೂದು ಯಾವಾಗ?” ಎಂದು ನಕ್ಕರು. ಹಳೆಯ ಹಾಡು ಬಂತು. ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ಗುಬ್ಬಿ ತಿರುವಿದೆ. ಸತ್ತಿರಲಿಲ್ಲ! ಗಿಟಾರು ಚಂದವಾಗಿ ನಡುಗಿತು. ಅಷ್ಟರಲ್ಲಿ ಕಾರ್ಯಕ್ರಮ ಇಟ್ಟ ಗೌಡರು ಎದ್ದು ನಿಂತರು. “ಏ, ಕರೆಂಟ್ ಡಿಮ್ ಆಗಾಕತ್ತೈತಿ! ದನಿ ಹೆಂಗ ಜೋಲಿ ಹೊಡ್ಯಾಕತ್ತೈತಿ ನೋಡ್ರಿ! ಜನರೇಟರ್ ಹಚ್ರಿ!” ನಮ್ಮ ಸೀಮೆಯಲ್ಲಿ ದನಿ ನಡುಗಿತೆಂದರೆ ವೋಲ್ಟೇಜ್ ಬಿತ್ತೆಂದೇ ಅರ್ಥ. ಯಾರೋ ಓಡಿ ಜನರೇಟರ್ ಹಚ್ಚಿದರು. ಆಂಪ್ಲಿಫೈಯರಿನಿಂದ ಫಟ್ಟನೆ ಕಿಡಿ ಹಾರಿತು. ದನಿ ಉಳಿಯಿತು, ನಡುಕ ಸತ್ತಿತು.

ಈರಣ್ಣ ನನ್ನತ್ತ ಕಣ್ಣು ಕೆಕ್ಕರಿಸಿದ. ಮಣೆಯ ಮೇಲಿನ ನಂಬಿಕೆ ಕಿಡಿಯ ಜೊತೆಗೇ ಹಾರಿಹೋಗಿತ್ತು. ಆ ಗುಬ್ಬಿಯನ್ನು ಮತ್ತೆ ಮುಟ್ಟುವುದು ನನ್ನಿಂದಾಗದ ಮಾತು. ಬಸ್ಸಿನಲ್ಲಿ ಸರಳು ಹಿಡಿದವನ ಹಾಗೆ, ಆಸರೆಗೆಂದು ಕಿರುಬೆರಳಿನಿಂದ ಗಿಟಾರಿನದೇ ವಾಲ್ಯೂಮ್ ಗುಬ್ಬಿಯನ್ನು ಗಟ್ಟಿಯಾಗಿ ಹಿಡಿದು ನುಡಿಸಿದೆ. ಕೈ ಗಡಗಡ ನಡುಗುತ್ತಿತ್ತು. ಕೈಯೊಂದಿಗೆ ಗುಬ್ಬಿ, ಗುಬ್ಬಿಯೊಂದಿಗೆ ದನಿ. ಜನರೇಟರ್ ಹಚ್ಚಿದ ಮೇಲೂ ನಡುಗಿದ್ದರಿಂದ ಗೌಡರಿಗೆ ಅದು ಈಗ ಸಂಗೀತವೆನಿಸಿ ತಲೆದೂಗಿದರು. ಹಾಡು ಮುಗಿದಾಗ ಈರಣ್ಣ ಬಂದು ಬೆನ್ನು ತಟ್ಟಿದ. “ಪೆಡಲ್ ಬ್ಯಾಡ, ಆಂಪ್ಲಿಫೈಯರ್ ಬ್ಯಾಡ, ಬರೇ ಕೈಲೆ ತಗದ್ರಲ್ಲ ಮಾಸ್ತರ! ನಿಮ್ಮ ಕುರ್ಚಿ ಇನ್ನ ಕಾಯಂ.”

ಮಣೆ ತೊಳೆದು ಕೊಟ್ಟೆ. ಎಲ್ಲ ಕೇಳಿ ಕನಿಕರಪಟ್ಟ ಗಿರಿಜಾ, ಕಿತ್ತೂರಿಗೆ ಹೋದಾಗ ದಪ್ಪನೆಯ ರಬ್ಬರ್ ಚಾಪೆ ತಂದಳು. “ಇದರ ಮ್ಯಾಲೆ ನಿಂದರ್ರಿ, ಏನೂ ಆಗೂದಿಲ್ಲ. ಇನ್ನ ಅಂಜಬ್ಯಾಡ್ರಿ.” ನಿಂತು ನುಡಿಸಿ ನೋಡಿದೆ. ಕಿರುಬೆರಳು ಒಂದಿಷ್ಟೂ ಅಲುಗಲಿಲ್ಲ. ದನಿಯಲ್ಲಿ ನಡುಕವೇ ಇಲ್ಲ. ರಾಮದುರ್ಗದ ಕೀಬೋರ್ಡಿನವ ಪೆಟ್ಟಿಗೆ ಹೊತ್ತು ಬಸ್ ಹತ್ತಿದಂತೆ ಕಣ್ಣಿಗೆ ಕಟ್ಟಿತು. ಚಾಪೆಯನ್ನು ಸುತ್ತಿ ಅಟ್ಟದ ಮೇಲೆ ಎಸೆದಿದ್ದೇನೆ. ಈಗ ನನಗೆ ಕರೆಂಟಿನ ಭಯ ಅಷ್ಟಿಲ್ಲ; ಎಲ್ಲಿ ಧೈರ್ಯ ಬಂದುಬಿಡುತ್ತದೋ ಎಂಬ ಭಯವೇ ದೊಡ್ಡದಾಗಿದೆ.